ಬಿಲ್ಡರ್ ಕಳಿಸಿದ ನಾಲ್ಕು ಪುಟಗಳಿಗೆ ನಾವು ಏಕೆ ಸಹಿ ಹಾಕಲಿಲ್ಲ

2024ರ ದೀಪಾವಳಿಗೆ ಎರಡು ದಿನ ಮೊದಲು ನಮ್ಮ ಅಪಾರ್ಟ್‌ಮೆಂಟ್ ಸಂಘದ ಹೆಸರಿಗೆ ಬಿಲ್ಡರ್ ಕಚೇರಿಯಿಂದ ನಾಲ್ಕು ಪುಟಗಳ ಕರಡು ಒಪ್ಪಂದವೊಂದು ಬಂತು. ಕ್ಲಬ್‌ಹೌಸಿಗೆ ಹೊಸ ಬಣ್ಣ, ಎರಡು ಲಿಫ್ಟ್‌ಗಳ ದುರಸ್ತಿ, ಮಕ್ಕಳ ಆಟದ ಜಾಗಕ್ಕೆ ನೆಲಹಾಸು, ನಾಲ್ಕೂವರೆ ವರ್ಷಗಳಿಂದ ಅವರ ಬಳಿಯೇ ಉಳಿದಿದ್ದ ನಮ್ಮ ಕಾರ್ಪಸ್ ಫಂಡಿನ (ಮುಂದಿನ ದೊಡ್ಡ ಖರ್ಚುಗಳಿಗೆಂದು ಮನೆ ಮಾಲೀಕರಿಂದ ಕೂಡಿಸಿದ ನಿಧಿಯ) ವರ್ಗಾವಣೆ, ಇವಿಷ್ಟನ್ನೂ ತೊಂಬತ್ತು ದಿನಗಳೊಳಗೆ ಮಾಡಿಕೊಡುವುದಾಗಿ ಮೊದಲ ಮೂರು ಪುಟಗಳಲ್ಲಿ ಬರೆದಿತ್ತು. ನಾಲ್ಕನೆಯ ಪುಟದಲ್ಲಿ, ಸಂಘವು ಸಮುಚ್ಚಯದ ನಿರ್ವಹಣೆಯನ್ನು ‘ಇದ್ದಲ್ಲಿ ಇದ್ದಂತೆ’ ವಹಿಸಿಕೊಳ್ಳುತ್ತದೆ ಎಂದೂ, ಅದರೊಂದಿಗೆ ನಿವಾಸಿಗಳ ಹಿಂದಿನ, ಇಂದಿನ ಮತ್ತು ಮುಂದಿನ ಎಲ್ಲ ತಕರಾರುಗಳೂ ಪೂರ್ಣವಾಗಿ ಹಾಗೂ ಅಂತಿಮವಾಗಿ ಇತ್ಯರ್ಥವಾದಂತೆ ಎಂದೂ ಇತ್ತು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಸಾಲದ ಕಾಗದಪತ್ರಗಳನ್ನು ಓದಿದವಳು ನಾನು. ಯಾವ ಕರಾರನ್ನಾದರೂ ಕೊನೆಯ ಪುಟದಿಂದ ಓದಲು ಆರಂಭಿಸುವ ಅಭ್ಯಾಸ ನನಗೆ ಅಲ್ಲಿಂದ ಬಂದದ್ದು.

ಆ ಕಾಗದಕ್ಕೆ ಸಹಿ ಹಾಕಿಬಿಡೋಣ ಎಂದವರು ನಮ್ಮಲ್ಲಿ ಕಡಿಮೆಯೇನೂ ಇರಲಿಲ್ಲ. ಅವರ ದಣಿವು ನನಗೆ ಅರ್ಥವಾಗುತ್ತದೆ. ಆದರೂ ಸಹಿ ಹಾಕಬಾರದು ಎಂದು ವಾದಿಸಿದವರಲ್ಲಿ ನಾನೂ ಒಬ್ಬಳಾದ್ದರಿಂದ, ಆ ನಿಲುವಿಗೆ ಕಾರಣಗಳೇನು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಲ್ಲಿರುವ ಸಂಘಗಳ ಪದಾಧಿಕಾರಿಗಳು ಇದೇ ಪ್ರಶ್ನೆಯನ್ನು ನನಗೆ ಕೇಳುತ್ತಿರುವುದೂ ಈ ಬರಹಕ್ಕೆ ಇನ್ನೊಂದು ಕಾರಣ.

ನಮ್ಮದು ಸರ್ಜಾಪುರ ರಸ್ತೆಯ ಕಡೆ ಇರುವ 312 ಮನೆಗಳ ಸಮುಚ್ಚಯ. ಎ, ಬಿ, ಸಿ, ಡಿ ಎಂದು ನಾಲ್ಕು ಬ್ಲಾಕ್‌ಗಳು, ಒಂದೊಂದರಲ್ಲಿ 78 ಮನೆಗಳು. ಮೊದಲ ಮೂರು ಬ್ಲಾಕ್‌ಗಳಿಗೆ ಭಾಗಶಃ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ದೊರೆತು 2020ರ ಫೆಬ್ರವರಿಯಲ್ಲಿ ನಮಗೆ ಮನೆಯ ಸ್ವಾಧೀನ ಸಿಕ್ಕಿತು. ಡಿ ಬ್ಲಾಕಿನವರಿಗೆ ಅದೇ ವರ್ಷದ ಕೊನೆಯಲ್ಲಿ ‘ಇಂಟೀರಿಯರ್ ಕೆಲಸ ಮಾಡಿಸಿಕೊಳ್ಳಿ’ ಎಂದು ಬೀಗದ ಕೈ ಕೊಟ್ಟರು. ಕಡತದಲ್ಲಿ ಅದು ಫಿಟ್-ಔಟ್ ಪೊಸೆಷನ್. ಮನೆಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟೊಟ್ಟಿಗೆ ಕಟ್ಟಲಾಗದ ಕುಟುಂಬಗಳು ಬಡಗಿ ಕೆಲಸ ಮುಗಿದ ಮರುವಾರವೇ ಹಾಲುಕ್ಕಿಸಿ ಒಳಗೆ ಬಂದವು. ಡಿ ಬ್ಲಾಕಿಗೆ ಓಸಿ ಈ ಕ್ಷಣದವರೆಗೂ ಬಂದಿಲ್ಲ. ಓಸಿ ಇಲ್ಲದ್ದರಿಂದ ಅವರಿಗೆ ಕ್ರಮಬದ್ಧವಾದ ಖಾತಾ ಇಲ್ಲ. ಇಡೀ ಸಮುಚ್ಚಯಕ್ಕೆ ಒಂದೇ ಸಂಪರ್ಕ ಎಂದು ಅರ್ಜಿ ಹಾಕಿದ್ದರಿಂದ, ಬ್ರೋಷರಿನಲ್ಲಿ ಅಚ್ಚಾಗಿದ್ದ ಕಾವೇರಿ ನೀರು ಯಾವ ಬ್ಲಾಕಿಗೂ ಬಂದಿಲ್ಲ. 2024ರ ಅಕ್ಟೋಬರ್‌ನಲ್ಲಿ ನಗರದ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ಉದ್ಘಾಟನೆಯಾದಾಗ, ನಮ್ಮ ಗೇಟಿನ ಮುಂದೆ ಎಂದಿನಂತೆ ಟ್ಯಾಂಕರ್‌ಗಳು ಸಾಲಾಗಿ ನಿಂತಿದ್ದವು.

ಬೇಸ್‌ಮೆಂಟಿನ ಗೋಡೆಯಲ್ಲಿ ನೀರು ಜಿನುಗುತ್ತದೆ, ಎರಡು ಬ್ಲಾಕ್‌ಗಳ ನಡುವಿನ ಎಕ್ಸ್‌ಪ್ಯಾನ್ಷನ್ ಜಾಯಿಂಟಿನಿಂದ ಮಳೆಗಾಲದಲ್ಲಿ ಧಾರೆಯಾಗಿ ಇಳಿಯುತ್ತದೆ, ಅಗ್ನಿಶಾಮಕ ಪೈಪುಗಳಲ್ಲಿ ಒತ್ತಡ ನಿಲ್ಲುವುದಿಲ್ಲ. ಇವೆಲ್ಲವೂ ದೊಡ್ಡ ದೋಷಗಳೇ. ಆದರೆ ನನ್ನ ನಿಲುವನ್ನು ಗಟ್ಟಿ ಮಾಡಿದ್ದು ನಮ್ಮ ಎಸ್‌ಟಿಪಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆ ಕೊಳ್ಳುವಾಗ ಅಡುಗೆಮನೆಯ ಗ್ರಾನೈಟನ್ನು ಹತ್ತು ಸಲ ಮುಟ್ಟಿ ನೋಡುವ ನಾವು ಎಸ್‌ಟಿಪಿ ಎಲ್ಲಿದೆ ಎಂದು ಸಹ ಕೇಳುವುದಿಲ್ಲ.

ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಲೆಕ್ಕ ಹಿಡಿದರೆ, ಮನೆಗೆ ನಾಲ್ವರಂತೆ ನಮ್ಮ 312 ಮನೆಗಳ ಬಳಕೆ ದಿನಕ್ಕೆ ಸುಮಾರು 1 ಲಕ್ಷ 68 ಸಾವಿರ ಲೀಟರ್ ಆಗುತ್ತದೆ. ಅದರ ಬಹುಭಾಗ ಕೊಳಚೆಯಾಗಿ ಎಸ್‌ಟಿಪಿಗೆ ಹರಿಯುತ್ತದೆ. ಅಲ್ಲಿ ಕೊಳಚೆಯನ್ನು ತಿಂದು ನೀರನ್ನು ತಿಳಿಗೊಳಿಸುವುದು ಬ್ಯಾಕ್ಟೀರಿಯಾಗಳು. ಅವು ಬದುಕಿರಬೇಕಾದರೆ ತೊಟ್ಟಿಯ ತಳದಿಂದ ಹಗಲಿರುಳೂ ಗಾಳಿ ಊದುತ್ತಿರಬೇಕು. ಅದಕ್ಕೆಂದೇ ಎರಡು ಬ್ಲೋಯರ್‌ಗಳಿರುತ್ತವೆ, ಒಂದು ನಿಂತರೆ ಇನ್ನೊಂದು ಓಡಲಿ ಎಂದು. ನಮ್ಮಲ್ಲಿ ಒಂದು ಬ್ಲೋಯರ್ ಕೆಟ್ಟು ಹನ್ನೊಂದು ತಿಂಗಳಾಗಿತ್ತು. ಉಳಿದೊಂದನ್ನು ಕರೆಂಟ್ ಬಿಲ್ ಉಳಿಸಲೆಂದು ರಾತ್ರಿ ಹೊತ್ತು ನಿಲ್ಲಿಸುತ್ತಿದ್ದರು. ಗಾಳಿ ನಿಂತ ತೊಟ್ಟಿ ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಎದ್ದು ಎ ಬ್ಲಾಕಿನ ಕೆಳಗಿನ ಮನೆಗಳ ಕಿಟಕಿಗಳನ್ನು ವರ್ಷವಿಡೀ ಮುಚ್ಚಿಸುತ್ತದೆ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸಿಬಿಡುವುದರಿಂದ, ತೊಟ್ಟಿಯೊಳಗೆ ಇಳಿದವನಿಗೆ ಅಪಾಯದ ಸುಳಿವೂ ಸಿಗುವುದಿಲ್ಲ.

2024ರ ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಬರುವಾಗ, ಬಿಲ್ಡರ್ ನೇಮಿಸಿದ್ದ ನಿರ್ವಹಣಾ ಸಿಬ್ಬಂದಿಯವರು ಎಸ್‌ಟಿಪಿ ತೊಟ್ಟಿಯ ಮುಚ್ಚಳ ತೆಗೆದು, ಇಪ್ಪತ್ತೆರಡು ಇಪ್ಪತ್ತಮೂರರ ಇಬ್ಬರು ಹುಡುಗರನ್ನು ಹಗ್ಗ ಹಿಡಿಸಿ ಒಳಗಿಳಿಸಲು ಸಿದ್ಧತೆ ನಡೆಸಿದ್ದರು. ಮುಖಕ್ಕೆ ಕಟ್ಟಿಕೊಳ್ಳಲು ಒಂದು ಟವೆಲ್ ಬಿಟ್ಟರೆ ಅವರ ಬಳಿ ಏನೂ ಇರಲಿಲ್ಲ. ನಾನು ಕೂಗಾಡಿ ನಿಲ್ಲಿಸಿದೆ. ಪಕ್ಕದ ಮನೆಯ ತಮ್ಮನಂಥ ಹುಡುಗ ಓಡಿಬಂದು ಮುಚ್ಚಳ ಹಾಕಿಸಿದ. ಸೂಪರ್‌ವೈಸರ್ ಹೇಳಿದ್ದು ಇಷ್ಟೇ: ‘ಮೇಡಂ, ಹನಿ ಸಕರ್ ಕರೆಸಿದರೆ ದುಡ್ಡು ಜಾಸ್ತಿ ಆಗತ್ತೆ, ಇವರಿಗೆ ಅಭ್ಯಾಸ ಇದೆ.’ ಹನಿ ಸಕರ್ ಎಂದರೆ ಕೊಳಚೆಯನ್ನು ಹೀರಿ ತೆಗೆಯುವ ಯಂತ್ರದ ವಾಹನ. ಕೊಳಚೆ ಗುಂಡಿಗೆ ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಮೊದಲ ಸಲದ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಾಯ್ದೆ ಇರಲಿ ಬಿಡಲಿ, ನಾವು ಸ್ನಾನ ಮಾಡಿ ಚೆಲ್ಲಿದ ನೀರಿನಲ್ಲಿ ಇಬ್ಬರು ತಾಯಂದಿರ ಮಕ್ಕಳು ಸಾಯುವ ಸಂಭವ ಅಂದು ನನ್ನ ಕಣ್ಣೆದುರಿಗಿತ್ತು. ಆ ಹುಡುಗರ ಮುಖ ಇಂದಿಗೂ ಮರೆತಿಲ್ಲ.

ಈಗ ನಾಲ್ಕನೆಯ ಪುಟದ ‘ಇದ್ದಲ್ಲಿ ಇದ್ದಂತೆ’ ಎಂಬ ಮಾತನ್ನು ಮತ್ತೆ ಓದಿ ನೋಡಿ. ಆ ಷರತ್ತಿಗೆ ಸಹಿ ಬಿದ್ದ ದಿನದಿಂದ ಅರೆಜೀವವಾದ ಆ ಘಟಕ ಸಂಘದ ಹೊಣೆಯಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂದರೆ ಸಂಘದ ಅಧ್ಯಕ್ಷರ ಹೆಸರಿಗೆ ಬರುತ್ತದೆ, ಗುಂಡಿಯಲ್ಲಿ ಅನಾಹುತವಾದರೆ ಠಾಣೆಗೆ ಹೋಗಬೇಕಾದವರು ಸಂಬಳವಿಲ್ಲದೆ ಸಂಘದ ಕೆಲಸ ಮಾಡುತ್ತಿರುವ ನಮ್ಮ ಕಾರ್ಯದರ್ಶಿ. ಅದಕ್ಕೆ ಪ್ರತಿಯಾಗಿ ನಮಗೆ ಸಿಗುತ್ತಿದ್ದುದು ಕ್ಲಬ್‌ಹೌಸಿನ ಬಣ್ಣ.

ಇನ್ನು ಕಾಲದ ವಿಷಯ. ಈ ಒಂದು ಅಂಶವನ್ನು ಎಲ್ಲ ಸಂಘಗಳವರೂ ದಯವಿಟ್ಟು ಗಮನಿಸಬೇಕೆಂದು ಬೇಡಿಕೊಳ್ಳುತ್ತೇನೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ, ಕಾಯ್ದೆಯ 14ನೇ ಕಲಮಿನ ಮೂರನೆಯ ಉಪಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ, ಒದಗಿಸಬೇಕಾದ ಸೇವೆಗಳಲ್ಲಾಗಲಿ ಕಂಡುಬಂದ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಆತ ಮೂವತ್ತು ದಿನಗಳೊಳಗೆ ತನ್ನ ಖರ್ಚಿನಲ್ಲೇ ಅದನ್ನು ಸರಿಪಡಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು. ಮೂರು ಬ್ಲಾಕ್‌ಗಳ ಐದು ವರ್ಷ ಮುಗಿಯುತ್ತಿದ್ದುದು 2025ರ ಫೆಬ್ರವರಿಯಲ್ಲಿ. ಒಪ್ಪಂದದ ಕರಡು ಬಂದದ್ದು ಅಕ್ಟೋಬರ್‌ನಲ್ಲಿ, ಅದರಲ್ಲಿದ್ದ ಗಡುವು ಸಹಿಯಾದಂದಿನಿಂದ ತೊಂಬತ್ತು ದಿನ. ಅಕ್ಟೋಬರ್ ಕೊನೆಗೆ ತೊಂಬತ್ತು ದಿನ ಕೂಡಿಸಿದರೆ ಜನವರಿಯ ಕೊನೆ ಬರುತ್ತದೆ. ಅಲ್ಲಿಂದ ಎರಡು ಸಲ ‘ಮುಂದಿನ ವಾರ ನೋಡೋಣ’ ಎಂದರೆ ಐದು ವರ್ಷಗಳ ಅವಧಿ ದಾಟಿಬಿಡುತ್ತದೆ.

ನಾವು ಅದಾಗಲೇ ಎರಡೂವರೆ ವರ್ಷಗಳಲ್ಲಿ ಹನ್ನೊಂದು ಸಭೆಗಳನ್ನು ನಡೆಸಿದ್ದೆವು. ಪ್ರತಿ ಸಭೆಯಲ್ಲಿ ಬಿಲ್ಡರ್ ಕಡೆಯ ಹಿರಿಯ ಅಧಿಕಾರಿ ಕಾಫಿ ತರಿಸಿ, ‘ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ, ಕೋರ್ಟು ಕಚೇರಿ ನಮ್ಮ ನಡುವೆ ಯಾಕೆ ಬೇಕು ಸಾರ್’ ಎನ್ನುತ್ತಿದ್ದರು. ನಮ್ಮ ಹಿರಿಯರೊಬ್ಬರು ಅದಕ್ಕೆ ಕರಗುತ್ತಿದ್ದರು. ಮನೆಗೆ ಬಂದವರನ್ನು ನಂಬುವುದು, ಕಾಫಿ ಕುಡಿದ ಜಾಗದಲ್ಲಿ ದನಿ ಏರಿಸದಿರುವುದು ನಮ್ಮ ಜನರ ಒಳ್ಳೆಯ ಗುಣ, ಅದನ್ನು ನಾನು ಹಳಿಯಲಾರೆ. ಆದರೆ ಆ ಹನ್ನೊಂದು ಸಭೆಗಳಲ್ಲಿ ಒಂದಕ್ಕೂ ಸಹಿಯಾದ ನಡಾವಳಿ ಇರಲಿಲ್ಲ ಎಂಬುದು ನಮ್ಮ ದೊಡ್ಡ ತಪ್ಪು, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಬಾಯಿಮಾತಿನಲ್ಲಿ ಹೇಳಿದ ದೋಷವನ್ನು ‘ಗಮನಕ್ಕೆ ತಂದಿದ್ದೆವು’ ಎಂದು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ಬ್ಯಾಂಕಿನಲ್ಲಿ ದುಡಿದ ನನಗೆ ಮೊದಲೇ ಹೊಳೆಯಬೇಕಿತ್ತು.

ನಡಾವಳಿ ಇಲ್ಲದ ಸಭೆಗಿಂತ ಹೆಚ್ಚು ನಷ್ಟ ತರುವುದು ನಿವಾಸಿಗಳ ಒಳಗಿನ ಬಿರುಕು. ಓಸಿ ಇರುವ ಮೂರು ಬ್ಲಾಕಿನವರಿಗೆ ಖಾತಾ ಇದೆ, ಅವರಿಗೆ ಬೇಕಾದದ್ದು ಸೋರದ ಬೇಸ್‌ಮೆಂಟು, ಓಡುವ ಲಿಫ್ಟು. ಬಾಡಿಗೆಗೆ ಕೊಡಲೆಂದು ಮನೆ ಕೊಂಡು ಹೊರದೇಶದಲ್ಲಿರುವವರಿಗೆ ಬೇಕಾದದ್ದು ಚೆಂದದ ಕ್ಲಬ್‌ಹೌಸು, ಇಲ್ಲದಿದ್ದರೆ ಬಾಡಿಗೆ ಇಳಿಯುತ್ತದೆ. ಡಿ ಬ್ಲಾಕಿನವರಿಗೆ ಬೇಕಾದದ್ದು ಓಸಿ, ಅದೊಂದೇ. ಕರಡು ಒಪ್ಪಂದ ಬಂದ ಮೇಲೆ ನಡೆದ ಸರ್ವಸದಸ್ಯರ ಸಭೆಯಲ್ಲಿ ಎ ಬ್ಲಾಕಿನ ಒಬ್ಬರು, ‘234 ಮನೆಯವರ ಕೆಲಸ 78 ಮನೆಗಳ ಸಲುವಾಗಿ ನಿಲ್ಲಬೇಕೇ?’ ಎಂದು ಕೇಳಿದರು. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಡಿ ಬ್ಲಾಕಿನ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿನವಳು, ಎದ್ದು ನಿಂತು, ‘ಆಂಟಿ, ನಾವು ಕೊಟ್ಟಿದ್ದೂ ಅಷ್ಟೇ ದುಡ್ಡು ಅಲ್ವಾ?’ ಎಂದು ನನ್ನ ಕಡೆ ನೋಡಿ ಕೇಳಿದಳು. ನಾನು ಸಂಘದ ಕೆಲಸ ಬಿಟ್ಟುಬಿಡಬೇಕೆಂದು ಆ ವಾರವೇ ಯೋಚಿಸಿದ್ದವಳು, ಆ ಪ್ರಶ್ನೆಯ ನಂತರ ಬಿಡಲಾಗಲಿಲ್ಲ.

ನಮ್ಮ ಸಂಘಕ್ಕೆ ಏನನ್ನು ಚೌಕಾಸಿ ಮಾಡುವ ಅಧಿಕಾರವಿದೆ, ಏನನ್ನು ಮಾಡುವ ಅಧಿಕಾರವೇ ಇಲ್ಲ ಎಂಬುದನ್ನು ಬಿಲ್ಡರ್ ಮುಂದೆ ಕೂರುವ ಮೊದಲು ನಾವು ನಾವೇ ಗೆರೆ ಎಳೆದು ಬೇರ್ಪಡಿಸಿಕೊಳ್ಳಬೇಕು ಎಂದು ನಾನು ಅಂದು ಹೇಳಿದೆ. ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ನಂತರ, ಎಷ್ಟು ದಿನ ಬೇಕು, ಯಾವ ಗುತ್ತಿಗೆದಾರ, ಯಾವ ವಿಧಾನ, ಇವೆಲ್ಲ ಮಾತುಕತೆಯ ವಿಷಯಗಳು. ಈಜುಕೊಳದ ಟೈಲ್ಸ್ ಬಣ್ಣ ಬದಲಾಯಿತು, ಬ್ರೋಷರಿನಲ್ಲಿದ್ದ ಕಾರಂಜಿ ಬರಲಿಲ್ಲ ಎಂಬಂಥವನ್ನು ಬಹುಮತದಿಂದ ಬಿಟ್ಟುಕೊಡಬಹುದು. ಆದರೆ ಡಿ ಬ್ಲಾಕಿನ ಓಸಿ, ಅಗ್ನಿ ಸುರಕ್ಷತೆ, ಎಸ್‌ಟಿಪಿ, ನಮ್ಮೆಲ್ಲರ ಅವಿಭಜಿತ ಭೂಪಾಲು, ಮತ್ತು ಪ್ರತಿಯೊಬ್ಬ ಮಾಲೀಕನ ದೂರು ಕೊಡುವ ಹಕ್ಕು, ಇವು ಏಳು ಜನರ ಸಮಿತಿ ಮೇಜಿನ ಮೇಲಿಟ್ಟು ಅದಲುಬದಲು ಮಾಡುವ ವಸ್ತುಗಳಲ್ಲ. ಇದು ಕೇವಲ ನನ್ನ ಅಭಿಪ್ರಾಯವಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ, ಅಂದರೆ ಸಮುಚ್ಚಯವನ್ನು ಆ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರದಲ್ಲಿ, ನಮೂದಾದ ಪ್ರತಿ ಮನೆಯ ಅವಿಭಜಿತ ಪಾಲನ್ನು ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ. ರೇರಾ ಕಾಯ್ದೆಯ ಪ್ರಕಾರ ಓಸಿ ಪಡೆದು ಕೊಡುವುದು, ಸಾಮಾನ್ಯ ಪ್ರದೇಶಗಳ ಹಕ್ಕನ್ನು ಸಂಘಕ್ಕೆ ವರ್ಗಾಯಿಸುವುದು, ನಕ್ಷೆ ಮತ್ತು ದಾಖಲೆಗಳನ್ನು ಒಪ್ಪಿಸುವುದು, ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನಡೆಸುವುದು, ಇವೆಲ್ಲ ಬಿಲ್ಡರ್‌ನ ಕರ್ತವ್ಯಗಳೇ ಹೊರತು ನಮಗೆ ಮಾಡುವ ಉಪಕಾರವಲ್ಲ. ಕರ್ತವ್ಯವನ್ನು ಉಪಕಾರವೆಂದು ಒಪ್ಪಿಕೊಂಡರೆ ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆ, ಆ ಬೆಲೆಯೇ ನಾಲ್ಕನೆಯ ಪುಟ.

ಇತ್ಯರ್ಥಕ್ಕೆ ಸಹಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆಯಿದೆ. ಬೇಗೂರಿನ ಒಂದು ದೊಡ್ಡ ವಸತಿ ಯೋಜನೆಯ 339 ಖರೀದಿದಾರರು ಸ್ವಾಧೀನ ತಡವಾದುದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣದಲ್ಲಿ 2020ರ ಆಗಸ್ಟ್ 24ರಂದು ತೀರ್ಪು ಬಂತು. ತಡವಾದ ಪ್ರತಿ ತಿಂಗಳಿಗೆ ಚದರಡಿಗೆ ಐದು ರೂಪಾಯಿ ಎಂದು ಬಿಲ್ಡರ್ ತಾನೇ ಕರಾರಿನಲ್ಲಿ ಬರೆದುಕೊಂಡಿದ್ದ ಪರಿಹಾರ ಸಾಲದು ಎಂದ ನ್ಯಾಯಾಲಯ, ಅದರ ಮೇಲೆ ವಾರ್ಷಿಕ ಶೇ 6ರ ಬಡ್ಡಿ ಲೆಕ್ಕದಲ್ಲಿ ಹೆಚ್ಚಿನ ಪರಿಹಾರ ಕೊಡಿಸಿತು. ಕ್ರಯಪತ್ರ ಬೇಕಾದರೆ ಪರಿಹಾರದ ಹಕ್ಕು ಬಿಡಬೇಕು ಎಂದು ಮನೆ ಕೊಂಡವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ನ್ಯಾಯವಲ್ಲ ಎಂದೂ ಅದು ಸ್ಪಷ್ಟವಾಗಿ ಹೇಳಿತು. ಆದರೆ ಆ ತೀರ್ಪಿನ ಕೊನೆಯಲ್ಲಿ ಒಂದು ವಾಕ್ಯವಿದೆ. ಬಿಲ್ಡರ್ ಜೊತೆ ಮೊದಲೇ ಪ್ರತ್ಯೇಕ ಇತ್ಯರ್ಥ ಮಾಡಿಕೊಂಡಿದ್ದ ಹನ್ನೊಂದು ಮಂದಿಯನ್ನು ಆ ಹೆಚ್ಚಿನ ಪರಿಹಾರದಿಂದ ಹೊರಗಿಡಲಾಯಿತು. ಆ ವಾಕ್ಯವನ್ನು ನಾನು ಸಭೆಯಲ್ಲಿ ಎರಡು ಸಲ ಓದಿ ಹೇಳಿದೆ.

ಓಸಿಯ ವಿಷಯದಲ್ಲಿ ಧೈರ್ಯ ಕೊಟ್ಟದ್ದು ಮುಂಬೈನ ಒಂದು ಸಹಕಾರಿ ಗೃಹ ಸಂಘದ ಪ್ರಕರಣ. 1997ರಿಂದ ವಾಸವಿದ್ದರೂ ಓಸಿ ಸಿಗದ ಕಾರಣ ಆ ಸದಸ್ಯರು ಶೇ 25ರಷ್ಟು ಹೆಚ್ಚು ಆಸ್ತಿ ತೆರಿಗೆಯನ್ನೂ ಶೇ 50ರಷ್ಟು ಹೆಚ್ಚು ನೀರಿನ ಶುಲ್ಕವನ್ನೂ ಕಟ್ಟುತ್ತಿದ್ದರು. ದೂರು ಕೊಡುವ ಕಾಲ ಮೀರಿದೆ ಎಂಬ ವಾದವನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಓಸಿ ಕೊಡದಿರುವುದು ದಿನದಿನವೂ ಮುಂದುವರಿಯುವ ತಪ್ಪು ಎಂದಿತು. ಹಾಗಾಗಿ ಡಿ ಬ್ಲಾಕಿನವರು ತಮ್ಮ ಅವಕಾಶ ಮುಗಿಯಿತೆಂದು ಅಂಜಬೇಕಾಗಿಲ್ಲ. ಅಂಜಬೇಕಾದದ್ದು ದೋಷಗಳ ಐದು ವರ್ಷದ ಗಡುವಿಗೆ, ಮತ್ತು ಕೈಯಾರೆ ಹಾಕುವ ಸಹಿಗೆ.

ಸಭೆ ಸಹಿ ಬೇಡವೆಂದು ತೀರ್ಮಾನಿಸಿತು. ಒಮ್ಮತವಿರಲಿಲ್ಲ, ಬಹುಮತವಿತ್ತು. ಮನೆಗೆ 2,500 ರೂಪಾಯಿಯಂತೆ ಹಣ ಕೂಡಿಸಿ, ಬಿಲ್ಡರ್‌ಗೂ ನಮಗೂ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರಿಶೀಲನೆ ಮಾಡಿಸಿದೆವು. 271 ಮನೆಯವರು ಹಣ ಕೊಟ್ಟರು. ಡಿ ಬ್ಲಾಕಿನಲ್ಲಿ ಎಲ್ಲರೂ ಕೊಟ್ಟರು. 143 ದೋಷಗಳ ಪಟ್ಟಿಯನ್ನು ಫೋಟೋ, ದಿನಾಂಕ, ಜಾಗದ ವಿವರಗಳ ಸಮೇತ 2025ರ ಜನವರಿ ಮೊದಲ ವಾರದಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿಯೂ ಇ-ಮೇಲ್‌ನಲ್ಲಿಯೂ ಕಳಿಸಿ, ಅಂಚೆ ಮುಟ್ಟಿದ ಸ್ವೀಕೃತಿಯನ್ನು ಕಡತಕ್ಕೆ ಸೇರಿಸಿದೆವು. ಅಲ್ಲಿಂದ ಮುಂದೆ ಪ್ರತಿ ಸಭೆಯ ಸಂಜೆಯೇ, ಯಾರು ಏನು ಒಪ್ಪಿದರು ಎಂಬುದನ್ನು ನಮ್ಮ ಕಾರ್ಯದರ್ಶಿ ಇ-ಮೇಲ್ ಮಾಡುತ್ತಾರೆ, ತಪ್ಪಿದ್ದರೆ ಮೂರು ದಿನಗಳಲ್ಲಿ ತಿಳಿಸಿ ಎಂದು ಕೊನೆಯಲ್ಲಿ ಬರೆಯುತ್ತಾರೆ. ಮೊದಲ ಇ-ಮೇಲ್ ಹೋದ ಮೇಲೆ ಬಿಲ್ಡರ್ ಕಚೇರಿಯ ಮಾತಿನ ಧಾಟಿಯೇ ಬೇರೆಯಾಯಿತು. ಕಾಫಿ ಈಗಲೂ ಬರುತ್ತದೆ, ಜೊತೆಯಲ್ಲಿ ಅವರ ಪ್ರಾಜೆಕ್ಟ್ ಎಂಜಿನಿಯರ್ ಕೂಡ ನಕ್ಷೆ ಹಿಡಿದು ಬಂದು ಕೂರುತ್ತಾರೆ.

ನಾವೂ ಬಿಟ್ಟುಕೊಟ್ಟಿದ್ದೇವೆ, ಅದನ್ನು ಮುಚ್ಚಿಡುವುದಿಲ್ಲ. ಕಾರಂಜಿ, ಟೈಲ್ಸ್, ಗೇಟಿನ ಕಮಾನು, ಉದ್ಯಾನದ ಹುಲ್ಲುಹಾಸು ಪಟ್ಟಿಯಿಂದ ಹೊರಗೆ ಹೋದವು. ಬೇಸ್‌ಮೆಂಟಿನ ವಾಟರ್‌ಪ್ರೂಫಿಂಗಿಗೆ ಅವರು ಕೇಳಿದ ಕಾಲಾವಕಾಶವನ್ನು ಕೊಟ್ಟೆವು, ಏಕೆಂದರೆ ಒಂದು ಮಳೆಗಾಲ ಕಳೆಯದೆ ಆ ಕೆಲಸ ಫಲ ಕೊಟ್ಟಿದೆಯೋ ಇಲ್ಲವೋ ಎಂದು ಹೇಳಲಾಗದು ಎಂಬ ಅವರ ಎಂಜಿನಿಯರ್ ಮಾತು ಸರಿಯಾಗಿತ್ತು. ಬಿಲ್ಡರ್ ಹೇಳಿದ್ದೆಲ್ಲ ಸುಳ್ಳೆಂದು ಹಟ ಹಿಡಿಯುವ ಸಂಘಕ್ಕೂ ಬಿಲ್ಡರ್ ಹೇಳಿದ್ದೆಲ್ಲ ನಿಜವೆಂದು ನಂಬುವ ಸಂಘಕ್ಕೂ ಕೊನೆಗೆ ಸೋರುವ ಬೇಸ್‌ಮೆಂಟೇ ಉಳಿಯುತ್ತದೆ ಎಂಬುದು ನನ್ನ ಅನುಭವ. ಎಸ್‌ಟಿಪಿಗೆ ಎರಡೂ ಬ್ಲೋಯರ್ ಹೊಸದಾಗಿ ಬಂದಿವೆ, ತೊಟ್ಟಿ ಸ್ವಚ್ಛಗೊಳಿಸಲು ಯಂತ್ರದ ವಾಹನವನ್ನೇ ಕರೆಸಬೇಕೆಂಬುದು ಲಿಖಿತವಾಗಿದೆ. ಎ ಬ್ಲಾಕಿನ ಕೆಳಗಿನ ಮನೆಯ ಅಜ್ಜಿ ಈಗ ಬೆಳಿಗ್ಗೆ ಕಿಟಕಿ ತೆರೆದು ತುಳಸಿಗೆ ನೀರು ಹಾಕುತ್ತಾರೆ.

ಓಸಿ ಮಾತ್ರ ಇನ್ನೂ ಬಂದಿಲ್ಲ. ಮಂಜೂರಾದ ನಕ್ಷೆಗಿಂತ ಡಿ ಬ್ಲಾಕಿನ ನಿರ್ಮಾಣದಲ್ಲಿ ವ್ಯತ್ಯಾಸಗಳಿವೆ ಎಂಬುದನ್ನು ಬಿಲ್ಡರ್ ಮೊದಲ ಬಾರಿಗೆ ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಕಾರ್ಪಸ್ ಫಂಡು ಬಡ್ಡಿ ಸಮೇತ ನಮ್ಮ ಖಾತೆಗೆ ಬರುವವರೆಗೆ ಮತ್ತು ಡಿ ಬ್ಲಾಕಿನ ಓಸಿ ಕೈಗೆ ಸಿಗುವವರೆಗೆ ನಿರ್ವಹಣೆಯ ಹಸ್ತಾಂತರ ಪತ್ರಕ್ಕೆ ಸಹಿ ಇಲ್ಲ ಎಂದು ತಿಳಿಸಿ, ಸಂಘದ ಹೆಸರಿನಲ್ಲಿಯೇ ರೇರಾ ಪ್ರಾಧಿಕಾರದ ಮುಂದೆ ದೂರು ದಾಖಲಿಸಿದ್ದೇವೆ. 31ನೇ ಕಲಮಿನಡಿ ಸಂಘಕ್ಕೂ ದೂರು ಕೊಡುವ ಅಧಿಕಾರವಿದೆ. ದೂರಿದ್ದರೂ ಮಾತುಕತೆ ನಿಂತಿಲ್ಲ, ನಿಲ್ಲಿಸುವ ಉದ್ದೇಶವೂ ನಮಗಿಲ್ಲ. ಬರುವ ಶನಿವಾರ ಹತ್ತೂವರೆಗೆ ಮತ್ತೆ ಸಭೆ ಇದೆ. ಪರಿಷ್ಕೃತ ನಕ್ಷೆಯ ಅರ್ಜಿಯ ಪ್ರತಿ ಮತ್ತು ಕಟ್ಟಿದ ಶುಲ್ಕದ ರಸೀದಿಯನ್ನು ತರಬೇಕೆಂದು ಬಿಲ್ಡರ್ ಕಡೆಯವರಿಗೆ ಬರೆದಿದ್ದೇವೆ. ನಮ್ಮ ಕಡೆಯಿಂದ ಈ ಬಾರಿ ಸಮಿತಿಯ ಏಳು ಮಂದಿಯ ಜೊತೆಗೆ, ಅಂದು ಸಭೆಯಲ್ಲಿ ಎದ್ದು ನಿಂತ ಡಿ ಬ್ಲಾಕಿನ ಆ ಹುಡುಗಿಯೂ ಬರುತ್ತಾಳೆ, ನಡಾವಳಿ ಬರೆಯುವ ಹೊಣೆಯನ್ನು ಅವಳೇ ಕೇಳಿ ವಹಿಸಿಕೊಂಡಿದ್ದಾಳೆ.